ಕಾವಲಿಲ್ಲದ ಹೊಸ್ತಿಲು

"ಆ ಇಟ್ಟಿಗೆ ಅಲ್ಲೇ ಇರ್ಲಿ ಮೇಡಂ. ತೆಗೀಬೇಡಿ."

ಪ್ರಾಪರ್ಟಿ ತಾತ ಇದನ್ನು ಹೇಳುವ ಹೊತ್ತಿಗೆ ಅವಳು ಕುರ್ಚಿಗೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಎತ್ತಿ ಆಗಿತ್ತು. ಕೆಳಗೆ ಮೂಲೆ ಮುರಿದ ಒಂದು ಕೆಂಪು ಇಟ್ಟಿಗೆ, ಮನೆ ಕಟ್ಟುವವರು ಬಿಸಾಡಿ ಹೋಗುವಂಥದ್ದು, ಮನೆ ಯಜಮಾನನ ಗತ್ತಿನಲ್ಲಿ ಕೂತಿತ್ತು. ಧಾರಾವಾಹಿಯ ಕತೆಯಲ್ಲಿ ಸತ್ತವನು ಮರಳಿ ಬಂದು ಕೂರುವ ಕುರ್ಚಿ ಅದು. ಕ್ಯಾಮೆರಾ ಹತ್ತಿರ ಹೋದರೆ ಉಬ್ಬು ಕಾಣುತ್ತದೆ, ನೋಡುವವರು ಕುರ್ಚಿಗೆ ಬಾವು ಬಂದಿದೆ ಅಂದುಕೊಳ್ಳುತ್ತಾರೆ ಎಂದು ಅವಳು ನಕ್ಕಳು. ತಾತ ನಗಲಿಲ್ಲ. ಸೂಜಿಯಿಂದ ಹಿಡಿದು ಶವಪೆಟ್ಟಿಗೆಯವರೆಗೆ ಶೂಟಿಂಗಿಗೆ ಬೇಕಾದ ಸಾಮಾನನ್ನೆಲ್ಲ ಮೂವತ್ತು ವರ್ಷದಿಂದ ಹೊಂದಿಸಿ ಕೊಡುತ್ತ ಬಂದ ಮನುಷ್ಯ ಆತ. ಹೊಸಬರ ಜೋಕಿಗೆಲ್ಲ ನಗುವ ವಯಸ್ಸು ದಾಟಿತ್ತು.

ಅವಳು ಕಲಾ ನಿರ್ದೇಶಕಿಯಾಗಿ ಸೇರಿ ಹದಿನೈದು ದಿನವಾಗಿತ್ತಷ್ಟೆ. ಕೈಯಲ್ಲಿ ಸದಾ ಒಂದು ಉಕ್ಕಿನ ಸ್ಕೇಲು. ಗೋಡೆಯ ಪಟ ಒಂದು ನೂಲಿನಷ್ಟು ಓರೆಯಾದರೂ ಸೆಟ್ಟಿನವರ ಜೀವ ತಿನ್ನುತ್ತಿದ್ದಳು. ಹಾಗಾಗಿ ಮೂರನೆಯ ದಿನಕ್ಕೇ ಅವಳಿಗೆ ಸ್ಕೇಲಮ್ಮ ಎಂದು ಹೆಸರು ಬಿದ್ದಿತ್ತು. ಅದು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಅವಳಿಗೆ ಖುಷಿಯೇ ಆಗಿತ್ತು.

ಅದು ಸತ್ತವರು ಒಬ್ಬೊಬ್ಬರಾಗಿ ಮನೆಗೆ ಮರಳುವ ಕತೆ. ಇಂಥ ಕತೆಗೆ ದೇವರು ಬೇಕೇ ಬೇಕು. ಆದರೆ ಯಾವ ದೇವರನ್ನು ತಂದರೂ ಯಾರೋ ಒಬ್ಬರಿಗೆ ನೋವಾಗಿಬಿಟ್ಟರೆ ಎಂದು ಚಾನೆಲ್ಲಿನವರಿಗೆ ಪುಕುಪುಕು. ಕೊನೆಗೆ ಬರಹಗಾರರು ಒಂದು ಕಡೆಯ ದೀಪ, ಇನ್ನೊಂದು ಕಡೆಯ ಗಂಟೆ, ಮತ್ತೆಲ್ಲಿಯದೋ ಬೂದಿಯ ಗೆರೆ, ಯಾರದೋ ಬಿಳಿ ಬಟ್ಟೆ ಎಲ್ಲವನ್ನೂ ತಂದು ಕಲಸಿ, ಯಾರಿಗೂ ಸೇರದ ಒಂದು ಪೂಜೆ ತಯಾರಿಸಿದ್ದರು. ಹೊಸ್ತಿಲಿಗೆ ಬೂದಿ ಎಳೆಯಬೇಕು, ದೀಪ ಹಚ್ಚಬೇಕು, ಒಂದು ಕುರ್ಚಿ ಖಾಲಿ ಬಿಡಬೇಕು, ಸತ್ತವನ ಅಂಗಿಯನ್ನು ಬಾಗಿಲ ಆಚೆ ತೂಗುಹಾಕಬೇಕು. ಆಮೇಲೆ ಮನೆಯ ಮಗು ಮೂರು ಸಲ ಕರೆಯಬೇಕು. ಆ ಮೂರು ಕರೆಯನ್ನು ಮಾತ್ರ ಬರಹಗಾರನೊಬ್ಬ ಮಾಟ ಮಾಡುವವನ ಮನೆಯಲ್ಲಿ ಕೂತು ಬರೆದುಕೊಂಡು ಬಂದಿದ್ದನಂತೆ. ಹೀಗೆಂದು ತಾತ ದನಿ ತಗ್ಗಿಸಿ ಹೇಳಿದ.

ನೋಡುಗರು ಮಾತ್ರ ಬಿಡುತ್ತಿರಲಿಲ್ಲ. ದೀಪದೊಳಗೆ ಬಲ್ಬು ಕಾಣುತ್ತದೆ, ಬೂದಿ ಅಂದರೆ ಸಿಮೆಂಟು, ಖಾಲಿ ಕುರ್ಚಿ ಖಾಲಿಯೇ ಇಲ್ಲ ಎಂದು ದಿನಾ ಗೇಲಿ. ಅದನ್ನೆಲ್ಲ ಸರಿಪಡಿಸಲೆಂದೇ ಸ್ಕೇಲಮ್ಮನನ್ನು ಕರೆಸಿದ್ದು. ಈಗ ನೋಡಿದರೆ ಆ ತಪ್ಪುಗಳನ್ನೆಲ್ಲ ತಾತ ಬೇಕೆಂದೇ ಮಾಡಿದ್ದ! ಯಾಕೆಂದು ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಯಾರಿಗೂ ಸೇರದ ಪೂಜೆ ಅಂದ್ರೆ ಕಾಯೋಕೂ ಯಾವ ದೇವರೂ ಇಲ್ಲ ಅಂತ ಮೇಡಂ. ಬಾಗಿಲು ಇದೆ, ಕಾವಲಿಲ್ಲ. ಅದಕ್ಕೇ ಒಂದೊಂದರಲ್ಲೂ ಒಂದು ಸುಳ್ಳು ಇಟ್ಟಿದೀನಿ. ಎಲ್ಲಾ ನಿಜ ಆಗಿಬಿಟ್ರೆ ಅದು ಶೂಟಿಂಗ್ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಅವರು ಅಂದರೆ ಯಾರು ಎಂದು ಅವಳು ಕೇಳಲಿಲ್ಲ. ಪ್ಲೈವುಡ್ ಬಾಗಿಲಿನ ಹಿಂದೆ ಬಣ್ಣದ ಡಬ್ಬಗಳಿವೆ, ಬಂದರೆ ಅವೇ ಎದ್ದು ಬರಲಿ ಎಂದು ಹೇಳಿ, ಇಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಶೂಟಿಂಗ್ ಫ್ಲೋರಿನ ಆಚೆ ಕಸದ ರಾಶಿಗೆ ಹಾಕಿಸಿದಳು. ಅದೇ ಸಂಜೆ ಸಿಮೆಂಟು ಹೋಗಿ ಸೌದೆಯ ಬೂದಿ ಬಂತು. ಬಲ್ಬು ಹೋಗಿ ಎಣ್ಣೆ ಬತ್ತಿ ಬಂತು.

ಉಳಿದದ್ದು ಅಂಗಿ. ವಸ್ತ್ರವಿಭಾಗದವರು ಹೊಸ ಅಂಗಿಯನ್ನು ಚಹಾದ ನೀರಿನಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ಹಳತು ಮಾಡಿ ತಂದಿದ್ದರು. ಅದು ಹೊಸ ಅಂಗಿಯೊಂದು ಹಳತರ ವೇಷ ಹಾಕಿದಂತೆಯೇ ಕಾಣುತ್ತಿತ್ತು. ಮನುಷ್ಯನೊಬ್ಬ ತೊಟ್ಟು, ಬೆವರಿ, ಒಗೆಸಿಕೊಂಡು ಸವೆದ ಕಾಲರನ್ನು ಯಾರೂ ತಯಾರಿಸಲಾರರು. ಅಂಥದ್ದೊಂದು ಅವಳ ಕಪಾಟಿನಲ್ಲಿತ್ತು.

ಅವಳ ಗಂಡ ಸತ್ತು ಎರಡು ವರ್ಷವಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಮಗಳನ್ನು ಶಾಲೆಯಿಂದ ಕರೆತರಲು ಸ್ಕೂಟರಿನಲ್ಲಿ ಹೊರಟವನನ್ನು ಲಾರಿಯೊಂದು ಹೊಡೆದು ಹೋಗಿತ್ತು. ಆವತ್ತು ಪುಟ್ಟಿ ಶಾಲೆಯ ಗೇಟಿನಲ್ಲಿ ಐದು ಗಂಟೆಯವರೆಗೆ ನಿಂತಿದ್ದಳು. ಆಮೇಲೆ ಅವನ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟ ಅವಳು, ನೀಲಿ ಗೆರೆಯ ಒಂದು ಅಂಗಿಯನ್ನು ಮಾತ್ರ ಇಟ್ಟುಕೊಂಡಿದ್ದಳು. ಎದೆಯ ಹತ್ತಿರ ಒಂದು ಗುಂಡಿ ಬೇರೆ ಬಣ್ಣದ್ದು, ಅವಳೇ ಅವಸರದಲ್ಲಿ ಹೊಲಿದದ್ದು. ಸತ್ತವನ ಅಂಗಿ ಅಂದರೆ ಬಟ್ಟೆ, ಅಷ್ಟೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗಿದ್ದರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಪೂಜೆಯ ದೃಶ್ಯ ತೆಗೆಯುವ ದಿನ ಅದನ್ನು ತಂದು ಸೆಟ್ಟಿನ ಬಾಗಿಲ ಆಚೆ ತೂಗುಹಾಕಿದಳು.

ಶಾಲೆಗೆ ರಜೆಯಿದ್ದದ್ದರಿಂದ ಒಂಬತ್ತು ವರ್ಷದ ಪುಟ್ಟಿಯೂ ಆವತ್ತು ಸೆಟ್ಟಿಗೆ ಬಂದಿದ್ದಳು. ಮಗುವಿನ ಪಾತ್ರ ಮಾಡುವ ಹುಡುಗಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿಲ್ಲವೆಂದು ಬೆಳಿಗ್ಗೆ ಫೋನು ಬಂತು. ನಿರ್ದೇಶಕರ ಕಣ್ಣು ಪುಟ್ಟಿಯ ಮೇಲೆ ಬಿತ್ತು. ಬೆನ್ನಷ್ಟೇ ಕಂಡರೆ ಸಾಕು, ಮೂರು ಸಲ ಕರೆದರೆ ಮುಗಿಯಿತು ಎಂದರು. ಪುಟ್ಟಿ ಕುಣಿದಾಡಿದಳು. ತಾತ ಸ್ಕೇಲಮ್ಮನ ಹತ್ತಿರ ಬಂದು, ಬೇರೇನೂ ಬೇಡ, ದೀಪವನ್ನಾದರೂ ಬಲ್ಬಿಗೆ ಬದಲಾಯಿಸೋಣ ಎಂದು ಬೇಡಿಕೊಂಡ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಒಳಗೆ ಕಪ್ಪು ಬಟ್ಟೆ ಕಟ್ಟಿದ ಫ್ಲೋರಿನಲ್ಲಿ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ಮರದ ಅಂಟು, ಹಸಿ ಬಣ್ಣ, ಜನರ ಬೆವರು ಎಲ್ಲ ಸೇರಿ ಗಾಳಿ ಹೆಪ್ಪುಗಟ್ಟಿತ್ತು. ಫ್ಯಾನು ನಿಲ್ಲಿಸಿದರು. ಮೇಜಿನ ಮೇಲೆ ಬತ್ತಿ ಚಟಪಟ ಎಂದಿತು. ಅವಳು ಮಾನಿಟರಿನ ಮುಂದೆ ನಿರ್ದೇಶಕರ ಪಕ್ಕದಲ್ಲಿ ನಿಂತಳು.

"ಅಪ್ಪಾ ಬಾ. ನಿನ್ನ ಜಾಗ ಖಾಲಿ ಇದೆ."

ಮೊದಲ ಸಲ ಪುಟ್ಟಿ ಪಾಠ ಒಪ್ಪಿಸುವಂತೆ ಹೇಳಿದಳು. ಎರಡನೆಯ ಸಲ ದನಿ ಸ್ವಲ್ಪ ನಡುಗಿತು. ಮೂರನೆಯ ಸಲ ಅದು ನಟನೆಯಾಗಿರಲಿಲ್ಲ. ಶಾಲೆಯ ಗೇಟಿನಲ್ಲಿ ಎರಡು ಗಂಟೆ ನಿಂತ ಮಗು ಕರೆದಂತೆ ಕರೆದಳು.

ಬಾಗಿಲು ತೆರೆಯಿತು. ನೀಲಿ ಗೆರೆಯ ಅಂಗಿ ಒಳಗೆ ಬಂತು. ಮುಖಕ್ಕೆ ಬೆಳಕು ಬೀಳದಂತೆ ಮೊದಲೇ ಹೊಂದಿಸಿದ್ದರಿಂದ ಅಂಗಿಯಷ್ಟೇ ಕಾಣುತ್ತಿತ್ತು. ಅದು ಬೂದಿಯ ಗೆರೆ ದಾಟಿತು. ಮೇಜಿನ ಹತ್ತಿರ ನಿಂತು, ಕುರ್ಚಿಯನ್ನು ಎಳೆಯದೆ, ಎರಡೂ ಕೈಯಲ್ಲಿ ಎತ್ತಿ ಹಿಂದಕ್ಕಿಟ್ಟು ಕೂತಿತು. ಅವಳು ಮಾನಿಟರಿನತ್ತ ಬಾಗಿದಳು. ಕೆಳಗಿನ ಮನೆಯವರು ಸದ್ದಾಗುತ್ತದೆಂದು ದೂರಿದಂದಿನಿಂದ ಅವಳ ಗಂಡ ಕುರ್ಚಿಯನ್ನು ಹೀಗೆಯೇ ಎತ್ತಿಡುತ್ತಿದ್ದ. ಇದನ್ನು ಈ ನಟನಿಗೆ ಯಾರು ಹೇಳಿಕೊಟ್ಟರು?

ನಿರ್ದೇಶಕರು ಕಟ್ ಎಂದು ಕೂಗಿ ತೊಡೆ ತಟ್ಟಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಸತ್ತವನ ಪಾತ್ರ ಮಾಡುವ ನಟ, ಸೆಟ್ಟಿನವರು ಪ್ರೀತಿಯಿಂದ ಹೆಣದಣ್ಣ ಎಂದು ಕರೆಯುತ್ತಿದ್ದವನು, ಮುಖಕ್ಕೆ ಬಿಳಿ ಬಳಿದುಕೊಂಡು, ಹೆಗಲಿಗೊಂದು ಟವೆಲ್ ಹೊದ್ದು ಬರಿಮೈಯಲ್ಲಿ ನಿಂತಿದ್ದ.

"ಸರ್, ನನಗಿನ್ನೂ ಅಂಗಿ ಕೊಟ್ಟಿಲ್ಲ. ಶಾಟ್ ಯಾವಾಗ?"

ದೀಪಗಳೆಲ್ಲ ಹೊತ್ತಿಕೊಂಡವು. ಕುರ್ಚಿ ಖಾಲಿಯಿತ್ತು. ಅಂಗಿ ಎಲ್ಲಿಯೂ ಇರಲಿಲ್ಲ. ಹೊಸ್ತಿಲ ಬೂದಿಯ ಮೇಲೆ ಒಳಗೆ ಬಂದ ಒಂದು ಹೆಜ್ಜೆ ಇತ್ತು. ಹೊರಗೆ ಹೋದ ಹೆಜ್ಜೆ ಇರಲಿಲ್ಲ. ಚಿತ್ರೀಕರಿಸಿದ್ದನ್ನು ಮತ್ತೆ ಹಾಕಿ ನೋಡಿದರೆ ಬಾಗಿಲು ತಾನಾಗಿ ತೆರೆದದ್ದಷ್ಟೇ ಮೂಡಿತ್ತು. ಪುಟ್ಟಿ ಮಾತ್ರ ಮೇಜಿನ ಮುಂದೆ ನಗುತ್ತ ಕೂತಿದ್ದಳು. ಅಪ್ಪ ಕೈ ಹಿಡಿದುಕೊಂಡ, ಅಪ್ಪನ ಕೈ ತಣ್ಣಗಿತ್ತು ಎಂದಳು.

ಸ್ಕೇಲಮ್ಮ ಆವತ್ತೂ ನಂಬಲಿಲ್ಲ. ಸಹಾಯಕ ಯಾವನೋ ಅಂಗಿ ಹಾಕಿಕೊಂಡು ತಮಾಷೆ ಮಾಡಿದ್ದಾನೆ, ಸಿಕ್ಕಿದರೆ ಚರ್ಮ ಸುಲಿಯುತ್ತೇನೆ ಎಂದು ಹಾರಾಡಿ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ, ಊಟದ ಮೇಜಿಗೆ ನಾಲ್ಕು ಕುರ್ಚಿ. ಕಿಟಕಿಯ ಕಡೆಯದು ಅವನದು. ಪುಟ್ಟಿ ನೇರ ಹೋಗಿ ಅದರ ಪಕ್ಕದಲ್ಲಿ ಕೂತಳು.

ಮಾರನೆಯ ದಿನ ಪುಟ್ಟಿಗೆ ಚಳಿ ಎನ್ನಿಸಿತು. ಅದರ ಮಾರನೆಯ ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆ ಮಡಚಲು ಹೋಗಿ ಮಗಳ ಪಾದ ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಳು. ಮಣ್ಣಿನ ಹೂಜಿ ಮುಟ್ಟಿದಂತಿತ್ತು. ಡಾಕ್ಟರು ರಕ್ತ ನೋಡಿದರು, ಎದೆ ಬಡಿತ ನೋಡಿದರು, ಏನೂ ಇಲ್ಲವೆಂದು ಶಕ್ತಿಯ ಔಷಧಿ ಬರೆದುಕೊಟ್ಟರು. ಉರಿ ಬೇಸಿಗೆಯಲ್ಲಿ ಮಗು ಎರಡು ಕಂಬಳಿ ಹೊದ್ದು ಆ ಕುರ್ಚಿಯ ಪಕ್ಕದಲ್ಲಿಯೇ ಕೂತು ಗುಸುಗುಸು ಮಾತಾಡುತ್ತಿತ್ತು. ಬಾಯಿಂದ ಹೊಗೆಯಂಥ ಉಸಿರು ಬರುತ್ತಿತ್ತು. ಉಗುರುಗಳು ನೀಲಿಯಾಗಿದ್ದವು.

ನಾಲ್ಕನೆಯ ದಿನ ಪುಟ್ಟಿ ಬಚ್ಚಲಿಗೆ ಹೋದಾಗ ಅವಳು ಆ ಕುರ್ಚಿಯ ಮೇಲೆ ಕೈಯಿಟ್ಟು ನೋಡಿದಳು. ಕೂರುವ ಜಾಗ ಒಳಕ್ಕೆ ತಗ್ಗಿತ್ತು. ಮಂಜುಗಡ್ಡೆಯ ತಂಪು. ಬಾಗಿದವಳ ಮೂಗಿಗೆ ಪೆಟ್ರೋಲು ಮತ್ತು ಗಡ್ಡದ ಸೋಪಿನ ವಾಸನೆ ಬಡಿಯಿತು. ಎರಡು ವರ್ಷದಿಂದ ಯಾರ ಮುಂದೆಯೂ ಅಳದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅದು ಭಯವೋ ಆಸೆಯೋ ಅವಳಿಗೇ ತಿಳಿಯಲಿಲ್ಲ.

ಪುಟ್ಟಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವಳು ಪ್ರಾಪರ್ಟಿ ತಾತನನ್ನು ಹುಡುಕಿಕೊಂಡು ಗೋದಾಮಿಗೆ ಹೋದಳು. ಹೇಳಿರಲಿಲ್ಲವೇ ಎಂದು ತಾತ ಒಂದು ಮಾತೂ ಆಡಲಿಲ್ಲ. ಅಲ್ಲಿದ್ದ ನೂರಾರು ಸುಳ್ಳು ದೇವರು, ಸುಳ್ಳು ಕಿರೀಟ, ಸುಳ್ಳು ಸಮಾಧಿಗಳ ನಡುವೆ ಅವಳನ್ನು ಕೂರಿಸಿ ನೀರು ಕೊಟ್ಟ. ಇಟ್ಟಿಗೆಯನ್ನು ವಾಪಸು ತಂದು ಮನೆಯ ಕುರ್ಚಿಯ ಮೇಲೆ ಇಡಲೇ ಎಂದು ಅವಳು ಕೇಳಿದಳು.

"ಕೂತವರ ಮೇಲೆ ಇಡ್ತೀರಾ?" ಎಂದ ತಾತ.

ಆಮೇಲೆ ನಿಧಾನವಾಗಿ ಹೇಳಿದ. ಬಂದವನು ಕರೆದವರ ಹಿಂದೆಯೇ ಬರುತ್ತಾನೆ. ಅವನಿಗೆ ಕರೆದವರ ಮೈಯ ಬಿಸಿ ಮಾತ್ರ ತಟ್ಟುತ್ತದೆ. ತಾಯಿ ತಬ್ಬಿ ಕೂತರೂ ಪ್ರಯೋಜನವಿಲ್ಲ. ಕೆಡುಕು ಮಾಡಬೇಕೆಂದು ಅವನು ಬಂದಿಲ್ಲ. "ಪಾಪ, ಅವರಿಗೆ ಗೊತ್ತೇ ಇಲ್ಲ ಮೇಡಂ. ಚಳಿ ಆದವರು ಒಲೆ ಪಕ್ಕ ಕೂರೋ ಹಾಗೆ ಕೂತಿದಾರೆ. ಒಲೆ ಆರ್ತಾ ಇರೋದು ಕಾಣಲ್ಲ." ಕರೆದ ಬಾಯೇ ಮೂರು ಸಲ ಹೋಗು ಅನ್ನಬೇಕು. ಬಾಯಿಮಾತಿಗೆ ಅಂದರೆ ಆಗದು, ಹೊಟ್ಟೆಯೊಳಗಿಂದ ಬರಬೇಕು. ಆಮೇಲೆ ಎಂದಾದರೂ ಒಂದೇ ಒಂದು ಸಲ ಆಸೆಪಟ್ಟು ಕರೆದರೂ ಸಾಕು, ದಾರಿ ಗೊತ್ತಿರುವವನು ಬಂದೇ ಬರುತ್ತಾನೆ. ಇಷ್ಟು ಹೇಳಿ ತಾತ ಮೊದಲ ಸಲ ಅವಳನ್ನು ಮೇಡಂ ಅನ್ನದೆ ಮಗಳೇ ಎಂದು ಕರೆದ. ತಡ ಮಾಡಬೇಡ ಎಂದ.

ಅವಳು ಮನೆಗೆ ಬಂದು ಮೊದಲು ಮಗಳನ್ನು ಪುಸಲಾಯಿಸಿದಳು. ಪುಟ್ಟಿ ಆಟವೆಂದುಕೊಂಡು ಹೋಗು ಹೋಗು ಹೋಗು ಎಂದಳು. ಏನೂ ಆಗಲಿಲ್ಲ. ಹೆದರಿಸಿದಳು. ಕೈಮುಗಿದಳು. ಅಪ್ಪ ಪಕ್ಕದಲ್ಲಿ ಕೂತರೆ ನಿನ್ನ ಮೈ ತಣ್ಣಗಾಗುತ್ತಿದೆ, ಹೀಗೇ ಬಿಟ್ಟರೆ ನೀನು ಉಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟಳು.

"ಪರವಾಗಿಲ್ಲಮ್ಮ," ಎಂದಳು ಪುಟ್ಟಿ. "ಅಪ್ಪಂಗೆ ತುಂಬಾ ಚಳಿ. ಅವತ್ತು ನನ್ನ ಕರ್ಕೊಂಡು ಬರೋಕೆ ಅಂತ ಹೋಗಿ ತಾನೇ ಸತ್ತಿದ್ದು?"

ತಾಯಿ ಇನ್ನೊಂದು ಕಂಬಳಿ ತಂದು ಹೊದಿಸಿದಳು. ಐದನೆಯ ದಿನ ಮಗು ಏಳಲೇ ಇಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅತ್ತದ್ದಕ್ಕೆ ಅವಳು ಪರದೆಗಳನ್ನೆಲ್ಲ ಎಳೆದಳು. ಕುರ್ಚಿ ಬಿಟ್ಟಿರಲಾರೆನೆಂದು ಹಟ ಹಿಡಿದದ್ದಕ್ಕೆ ಕಂಬಳಿ ಸಮೇತ ಎತ್ತಿ ತಂದು ಮೇಜಿನ ಹತ್ತಿರ ಕೂರಿಸಿದಳು. ಎತ್ತಿಕೊಂಡಾಗ ಭಾರವೇ ತಿಳಿಯಲಿಲ್ಲ. ಮಧ್ಯಾಹ್ನ ಮೂರು ಗಂಟೆ. ನಾಡಿ ಹಿಡಿದರೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ ಒಂದು ಬಡಿತ, ಬಹಳ ಹೊತ್ತಿನ ಮೇಲೆ ಇನ್ನೊಂದು.

ಸುಳ್ಳನ್ನು ನಿಜದಂತೆ ಕಾಣಿಸುವುದು ಅವಳ ಕಸುಬು. ಜೀವಮಾನವಿಡೀ ಅದನ್ನೇ ಮಾಡಿದ್ದಳು. ಮಗಳ ಮುಂದೆ ಮಂಡಿಯೂರಿ ಕೂತಳು.

"ಪುಟ್ಟಿ, ಅವತ್ತು ನಿಮ್ಮಪ್ಪ ನಿನ್ನ ಕರ್ಕೊಂಡು ಬರೋಕೆ ಹೋಗ್ತಿರಲಿಲ್ಲ."

ಮಗುವಿನ ರೆಪ್ಪೆ ಮೇಲಕ್ಕೆದ್ದಿತು.

ಅವಳು ಹೇಳುತ್ತ ಹೋದಳು. ಸ್ಕೂಟರು ಹೊರಟದ್ದು ಶಾಲೆಯ ಕಡೆಗಲ್ಲ, ಬಸ್ ನಿಲ್ದಾಣದ ಕಡೆಗೆ. ಕಾಲಿನ ಹತ್ತಿರ ಕಂದು ಬಣ್ಣದ ಚೀಲವಿತ್ತು, ಅದರ ಜಿಪ್ಪು ಕೆಟ್ಟದ್ದಕ್ಕೆ ಹಗ್ಗ ಕಟ್ಟಿದ್ದ. ಚೀಲದಲ್ಲಿ ಅವನ ಬಟ್ಟೆಗಳಿದ್ದವು. ಅದರಲ್ಲಿ ನಾನು ಪುಟ್ಟಿಯ ಫೋಟೋ ಇಡಲು ಹೋದರೆ ತೆಗೆದು ಮೇಜಿನ ಮೇಲೆ ಬೋರಲಾಗಿಟ್ಟ. ನಮ್ಮನ್ನು ಬಿಟ್ಟು ಹೋಗುತ್ತಿದ್ದ. ಈ ಮಗು ನನಗೆ ಬೇಡ ಎಂದಿದ್ದ. ಒಂದೊಂದು ಮಾತಿಗೂ ಅವಳೊಳಗೆ ಏನೋ ಹರಿಯುತ್ತಿತ್ತು. ದನಿ ಮಾತ್ರ ನಡುಗಲಿಲ್ಲ.

ವಾಸನೆ ದಟ್ಟವಾಯಿತು. ಪೆಟ್ರೋಲು. ಸೋಪು. ಅದರ ಕೆಳಗೆ ಒದ್ದೆ ಮಣ್ಣು. ಕುರ್ಚಿಯ ಮೇಲೆ ಕಾಲರಿನ ಅಂಚು ಕಂಡಿತು. ನೀಲಿ ಗೆರೆಗಳು ಕಂಡವು. ಬೇರೆ ಬಣ್ಣದ ಗುಂಡಿ. ಅವಳು ನಿಲ್ಲಿಸಲಿಲ್ಲ. ಕತ್ತು ಕಂಡಿತು. ಗದ್ದ ಕಂಡಿತು. ಮುಖ. ಅವನದೇ ಮುಖ. ಭೂತವಲ್ಲ, ಪಿಶಾಚಿಯಲ್ಲ. ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎಂದೂ ಅವಳಿಗೆ ಎದುರಾಡದ ಗಂಡ, ತಾನು ಮಾಡದ ತಪ್ಪನ್ನು ಬೆರಗಾಗಿ ಕೇಳಿಸಿಕೊಳ್ಳುತ್ತ ಕೂತಿದ್ದ.

"ಸುಳ್ಳು," ಎಂದಳು ಪುಟ್ಟಿ. ಕತ್ತು ಹೊರಳಿಸಿದಳು. "ಅಪ್ಪಾ, ಸುಳ್ಳು ತಾನೇ?"

ಅವನು ಮಗಳ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಅವಳು ಮಗಳ ಕೈಯನ್ನು ಕಂಬಳಿಯಿಂದ ಹೊರಗೆ ತೆಗೆದು, ನೀಲಿ ಉಗುರುಗಳು ಕಾಣುವಂತೆ ಮೇಜಿನ ಮೇಲಿಟ್ಟಳು, ಅಷ್ಟೆ. ಅವನು ಆ ಕೈಯನ್ನು ಬಹಳ ಹೊತ್ತು ನೋಡಿದ. ತನ್ನ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ. ಆಮೇಲೆ ಪುಟ್ಟಿಯ ಕಣ್ಣಿನಲ್ಲಿ ಕಣ್ಣಿಟ್ಟು, ಸುಳ್ಳಲ್ಲ ಎಂಬಂತೆ ತಲೆಯಾಡಿಸಿದ.

ಮಗುವಿನ ಮುಖ ಕಿವುಚಿಕೊಂಡಿತು.

"ಹೋಗು," ಎಂದಳು. ದನಿ ಸಣ್ಣದಿತ್ತು. ಅವನು ಎದ್ದ. "ಹೋಗು." ಗೋಡೆಯ ಗಡಿಯಾರ ನಿಂತಿತು. ಪರದೆಗಳು ಒಳಕ್ಕೆ ಉಬ್ಬಿದವು. ಮುಂಬಾಗಿಲ ಚಿಲಕ ತಾನಾಗಿ ಜಾರಿತು. ಅವನು ಹೊಸ್ತಿಲ ಹತ್ತಿರ ನಿಂತು ತಿರುಗಿದ. ಬಾಯಿ ತೆರೆದ. ಏನನ್ನೋ ಹೇಳಬೇಕೆಂದಿದ್ದ. "ಹೋಗು ನೀನು!" ಪುಟ್ಟಿ ಚೀರಿದಳು. ಎದೆಯ ತಳದಿಂದ ಚೀರಿದಳು. ಬಾಗಿಲು ಬಡಿದುಕೊಂಡಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದೂ ಕೇಳಲಿಲ್ಲ. ಅವಳು ಮಗಳನ್ನು ಬಾಚಿ ಎದೆಗೆ ಒತ್ತಿಕೊಂಡಳು. ಕಂಬಳಿಯೊಳಗೆ ಪುಟ್ಟ ಮೈ ಮೊದಲ ಸಲ ಬೆವರುತ್ತಿತ್ತು.

ಪುಟ್ಟಿ ವಾರದೊಳಗೆ ಚೇತರಿಸಿಕೊಂಡಳು. ಎರಡು ಹೊತ್ತು ಊಟ ಮಾಡಿದಳು, ಮೆಟ್ಟಿಲ ಮೇಲೆ ಕುಂಟಾಬಿಲ್ಲೆ ಆಡಿದಳು. ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ಒಂದು ದಿನ ಯಾರಿಗೂ ಹೇಳದೆ ತೆಗೆದು ಹರಿದು ಹಾಕಿದಳು. ಸ್ಕೇಲಮ್ಮ ಚೂರುಗಳನ್ನು ಗುಡಿಸಿ ತೆಗೆದಳು. ಬಯ್ಯಲಿಲ್ಲ. ಕೆಲಸ ಬಿಟ್ಟಳು. ಬಿಡುವಾಗ ಪ್ರಾಪರ್ಟಿ ತಾತನ ಕಾಲು ಮುಟ್ಟಲು ಹೋದರೆ ಆತ ತಡೆದು, ಬಾಯಿ ಗಟ್ಟಿ ಇಟ್ಟುಕೋ ಮಗಳೇ ಎಂದಷ್ಟೇ ಹೇಳಿದ.

ಶಾಲೆ ಶುರುವಾದ ದಿನ ಅವಳೇ ಮೂರು ಗಂಟೆಗೆ ಗೇಟಿನಲ್ಲಿ ನಿಂತಿದ್ದಳು. ಪುಟ್ಟಿ ಓಡಿ ಬಂದು ಕೈ ಹಿಡಿದುಕೊಂಡಳು. ಇಬ್ಬರೂ ನಡೆದುಕೊಂಡು ಹೊರಟರು. ಬೇರೆ ಮಕ್ಕಳನ್ನು ಅವರವರ ಅಪ್ಪಂದಿರು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಪುಟ್ಟಿ ಅವರನ್ನೇ ನೋಡುತ್ತ ಸ್ವಲ್ಪ ದೂರ ನಡೆದಳು.

"ಅಮ್ಮಾ, ಮೊದಲು, ನಾನು ತುಂಬಾ ಚಿಕ್ಕೋಳಿದ್ದಾಗಲಾದ್ರೂ... ಅಪ್ಪಂಗೆ ನಾನು ಇಷ್ಟ ಇದ್ನಾ?"

ಮಗು ಹುಟ್ಟಿದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅದನ್ನೆತ್ತಿಕೊಂಡು ಬೆಳಗಿನವರೆಗೂ ಓಡಾಡಿದವನು ಅವಳ ಕಣ್ಣ ಮುಂದೆ ಬಂದ. ಹೌದು ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ಆ ಒಂದು ಮಾತಿಗೆ ಪುಟ್ಟಿ ಅಪ್ಪಾ ಎಂದು ಅತ್ತುಬಿಡುತ್ತಾಳೆ. ಅತ್ತರೆ ಅವನಿಗೆ ಕೇಳಿಸುತ್ತದೆ. ಅವಳು ಮಗಳ ಬೆಚ್ಚನೆಯ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ ಪುಟ್ಟಿ," ಎಂದಳು. "ಒಂದು ದಿನವೂ ಇಲ್ಲ."